16 ಜಿಬಿ ಪೆನ್‌ಡ್ರೈವ್ ಮತ್ತು ಕಾರಿನ ಹಳೆಯ ಸ್ಟೀರಿಯೊ: ನನ್ನ ಅನುಭವ

ಕಳೆದ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಟಾಗ ಕಾತ್ರಜ ದಾಟುವ ಮೊದಲೇ ಶುರುವಾದ ಸಂಗೀತ ಕಿತ್ತೂರಿನವರೆಗೆ ಒಂದು ಸಲವೂ ಕಡಿಯಲಿಲ್ಲ, ಒಂದು ಫೈಲೂ ಸರದಿ ತಪ್ಪಲಿಲ್ಲ, ವಾಲ್ಯೂಮಿನ ಗುಂಡಿಗೆ ನಾನು ಎರಡು ಸಲಕ್ಕಿಂತ ಹೆಚ್ಚು ಕೈ ಹಾಕಲಿಲ್ಲ. ಕಾರು 2012ರದು, ಸ್ಟೀರಿಯೊ ಕಾರಿನ ಜೊತೆಗೇ ಬಂದದ್ದು. ಎರಡು ಸಾಲಿನ ಪರದೆ, ಒಂದು ಯುಎಸ್‌ಬಿ ಕಿಂಡಿ, ಫೋನಿನ ಆಡಿಯೊ ತಂತಿ ಸಿಕ್ಕಿಸುವ ಒಂದು ಆಕ್ಸ್ ಕಿಂಡಿ, ಇಷ್ಟೇ ಅದರ ಸಂಪತ್ತು. ಇದನ್ನು ಕಿತ್ತುಹಾಕಿ ಆಂಡ್ರಾಯ್ಡ್ ಪರದೆಯ ಹೊಸ ಸ್ಟೀರಿಯೊ ಕೂಡಿಸಿಕೊಳ್ಳದೆ ಗತ್ಯಂತರವಿಲ್ಲವೆಂದು ಬಿಡಿಭಾಗಗಳ ಅಂಗಡಿಯವರು, ನನ್ನ ಭಾವಮೈದುನ ಮತ್ತು ಆಫೀಸಿನ ಒಬ್ಬ ಗೆಳೆಯ, ಮೂವರೂ ಖಚಿತವಾಗಿ ಹೇಳಿದ್ದರು. ಅಂಗಡಿಯವರು ಕೊಟ್ಟ ಅಂದಾಜು ಸುಮಾರು 14,000 ರೂಪಾಯಿ, ಚೌಕಟ್ಟು ಮತ್ತು ಕೂಲಿ ಬೇರೆ. ಸ್ಟೀರಿಯೊದಲ್ಲಿ ದೋಷವಿಲ್ಲ, ನಾವು ಪೆನ್‌ಡ್ರೈವ್ ತುಂಬುವ ರೀತಿಯಲ್ಲಿ ದೋಷವಿದೆ ಎಂಬುದು ನನ್ನ ವಾದವಾಗಿತ್ತು. ಅದು ಸಾಬೀತಾಗಲು ಹೆಚ್ಚು ಕಡಿಮೆ ಎರಡು ವರ್ಷ ಹಿಡಿಯಿತು.

ನನಗೆ ಬೇಕಾದದ್ದು ಎಲ್ಲರ ಫೋನಿನಲ್ಲಿ ಸಿಗುವ ಹಾಡುಗಳಲ್ಲ. ತಂದೆಯವರು ಬಿಟ್ಟುಹೋದ ಸುಮಾರು 140 ಕ್ಯಾಸೆಟ್‌ಗಳಲ್ಲಿ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ಗಾಯನವಿದೆ. ಅರ್ಧದಷ್ಟನ್ನು ಅವರು ರೇಡಿಯೊದಿಂದಲೇ ಮುದ್ರಿಸಿಕೊಂಡದ್ದರಿಂದ ಅವು ಬೇರೆಲ್ಲಿಯೂ ಸಿಗುವಂಥವಲ್ಲ. ಹೆಂಡತಿಯ ತವರು ಕುಂದಾಪುರದ ಕಡೆ. ಅಲ್ಲಿಂದ ಬಂದ 60ರಷ್ಟು ಕ್ಯಾಸೆಟ್‌ಗಳಲ್ಲಿ ತಾಳಮದ್ದಳೆಯಿದೆ. 420 ಕಿಲೋಮೀಟರ್ ದಾರಿಯಲ್ಲಿ ಇಬ್ಬರಿಗೂ ಸರದಿಯಿರಬೇಕು ಎಂಬುದು ಮನೆಯ ಒಪ್ಪಂದ.

ಮೊದಲು ಸೋತ ದಾರಿಗಳನ್ನು ಹೇಳಿಬಿಡುತ್ತೇನೆ. ಫೋನಿನ ಸಂಗೀತದ ಆ್ಯಪ್ ಖಂಬಾಟಕಿ ಘಾಟಿನಲ್ಲಿ ನೆಟ್‌ವರ್ಕ್ ಇಲ್ಲದೆ ನಿಲ್ಲುತ್ತಿತ್ತು. ಹಣ ಕೊಟ್ಟು ಡೌನ್‌ಲೋಡ್ ಮಾಡಿಕೊಂಡ ಹಾಡುಗಳು ಆ ಆ್ಯಪ್ ಬಿಟ್ಟು ಬೇರೆಲ್ಲೂ ತೆರೆಯದಂತೆ ಬೀಗ ಹಾಕಿಕೊಂಡೇ ಬರುವುದರಿಂದ ಅವನ್ನು ಪೆನ್‌ಡ್ರೈವಿಗೆ ಸಾಗಿಸುವ ಮಾತೇ ಇಲ್ಲ. ಸಿಗರೇಟ್ ಲೈಟರಿನ ಕಿಂಡಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರಿಗೆ 650 ರೂಪಾಯಿ ಕೊಟ್ಟೆ. ಪುಣೆಯಲ್ಲಿ ಖಾಲಿಯಿದ್ದ ತರಂಗಾಂತರದಲ್ಲಿ ಕೊಲ್ಹಾಪುರ ಬಂದ ಹೊತ್ತಿಗೆ ಇನ್ನೊಂದು ಕೇಂದ್ರ ಮಾತಾಡುತ್ತಿತ್ತು, ಪ್ರತಿ ಊರಿನಲ್ಲಿ ಹೊಸ ಜಾಗ ಹುಡುಕಬೇಕಾಯಿತು, ತಂಬೂರಿಯ ನಾದವಂತೂ ಅದರ ಗೊರಗೊರದಲ್ಲಿ ಕರಗಿಹೋಗುತ್ತಿತ್ತು. ಆಕ್ಸ್ ತಂತಿ ಹಾಕಿದರೆ ಧ್ವನಿ ಚೆನ್ನಾಗಿತ್ತು, ಆದರೆ ಅದೇ ಹೊತ್ತಿಗೆ ಫೋನ್ ಚಾರ್ಜಿಗೆ ಹಾಕಿದರೆ ಇಂಜಿನ್ನಿನ ವೇಗದ ಜೊತೆಗೆ ಏರಿಳಿಯುವ ಕೀರಲು ಸದ್ದು ಕೇಳಿಸುತ್ತಿತ್ತು. 250 ರೂಪಾಯಿಯ ಐಸೊಲೇಟರ್ ಆ ಸದ್ದನ್ನು ಕಳೆಯಿತು, ಜೊತೆಗೆ ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾದ ಗಂಭೀರ ನಾದವನ್ನೂ ಕಳೆಯಿತು. ಆಗ ಯುಎಸ್‌ಬಿಯೇ ಗತಿ ಎಂದು ನಿರ್ಧರಿಸಿದೆ.

ಅಲ್ಲಿಯೂ ಆರಂಭ ಕೆಟ್ಟದ್ದೇ. ರಸ್ತೆಬದಿಯಲ್ಲಿ 350 ರೂಪಾಯಿಗೆ ಕೊಂಡ 64 ಜಿಬಿ ಡ್ರೈವಿನಲ್ಲಿ ಮೊದಲ ನೂರು ಹಾಡುಗಳು ಸರಿಯಾಗಿದ್ದು, ಮುಂದಿನವೆಲ್ಲ ಕರಕರ ಸದ್ದು ಮಾಡಿ ನಿಲ್ಲುತ್ತಿದ್ದವು. ಡ್ರೈವನ್ನು ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶ ಓಡಿಸಿ ನೋಡಿದಾಗ ಒಳಗಿನ ನಿಜವಾದ ಜಾಗ 8 ಜಿಬಿಯೂ ಇರಲಿಲ್ಲ. ಅಂದಿನಿಂದ ಯಾವ ಡ್ರೈವನ್ನು ಕೊಂಡರೂ, ಬಿಲ್ ಇದ್ದರೂ, ಮೊದಲು ಅದನ್ನು ಪೂರ್ತಿ ಬರೆದು ಪೂರ್ತಿ ಓದಿಸದೆ ಬಳಸುವುದಿಲ್ಲ. ಆಮೇಲೆ ಒಳ್ಳೆಯ ಅಂಗಡಿಯಲ್ಲಿ 900 ರೂಪಾಯಿ ಕೊಟ್ಟು 128 ಜಿಬಿಯದನ್ನು ತಂದೆ. ಅದರ ಫಾರ್ಮ್ಯಾಟ್, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಹೊಸ ಬಗೆಯ ಎಕ್ಸ್‌ಫ್ಯಾಟ್ ಆಗಿದ್ದರಿಂದ ಸ್ಟೀರಿಯೊ ಗುರುತಿಸಲಿಲ್ಲ. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದನ್ನು ಹಳೆಯ ಬಗೆಯ ಫ್ಯಾಟ್32 ಮಾಡಿಕೊಡುತ್ತಿರಲಿಲ್ಲವಾದ್ದರಿಂದ ಬೇರೆ ಸಾಧನದಿಂದ ಮಾಡಿದೆ, ಆಗಲೂ ಗುರುತಿಸಲಿಲ್ಲ. ಕಾರಣ ಗೊತ್ತಾಗಲು ಎರಡು ಭಾನುವಾರ ಹೋದವು: ಕೊಂಡ ಮೇಲೊಮ್ಮೆ ಬೇರೆ ಕೆಲಸಕ್ಕೆ ಬಳಸಿದ್ದಾಗ ಡ್ರೈವಿನ ಭಾಗಗಳನ್ನು ಗುರುತಿಸುವ ಅದರ ವಿಭಾಗಪಟ್ಟಿ ಹೊಸ ಬಗೆಯ ಜಿಪಿಟಿ ಆಗಿತ್ತು. ಹಳೆಯ ಬಗೆಯ ಎಂಬಿಆರ್ ಮಾಡಿದೊಡನೆ ಡ್ರೈವ್ ಕಂಡಿತು, ಆದರೆ ಅದರಲ್ಲಿದ್ದ 6,000 ಫೈಲ್‌ಗಳನ್ನು ಓದಿ ಮುಗಿಸಲು ಸ್ಟೀರಿಯೊ ಮೂರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು, ಪ್ರತಿ ಸಲ ಕಾರು ನಿಲ್ಲಿಸಿ ಹೊರಡುವಾಗಲೂ ಅದೇ ಕಾಯುವಿಕೆ. ದೊಡ್ಡ ಡ್ರೈವಿನ ಆಸೆಯನ್ನು ಅಲ್ಲಿಗೆ ಬಿಟ್ಟು, 400 ರೂಪಾಯಿಯಂತೆ ಉಗುರಿನಷ್ಟು ಸಣ್ಣ 16 ಜಿಬಿ ಡ್ರೈವುಗಳನ್ನು ಎರಡು ತಂದೆ. ಸುಮಾರು 1,000 ಫೈಲ್ ಇರುವ ಇದು ಹದಿನೈದು ಸೆಕೆಂಡಿನೊಳಗೆ ಹಾಡಲು ಶುರುಮಾಡುತ್ತದೆ.

ಸರದಿಯ ಸಮಸ್ಯೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಬಹಳ ಜನ ಇಲ್ಲಿಯೇ ಕೈಬಿಡುತ್ತಾರೆ. ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಅಂಕೆಯ ಪ್ರಕಾರ ಕಾಣುವ ಫೈಲ್‌ಗಳು ಕಾರಿನಲ್ಲಿ ಹಿಂದುಮುಂದಾಗಿ ಬರುತ್ತವೆ. ನಿಧಾನ ಲಯದ ವಿಲಂಬಿತಕ್ಕಿಂತ ಮೊದಲು ವೇಗದ ದ್ರುತ್, ಪೀಠಿಕೆಗಿಂತ ಮೊದಲು ಮಂಗಳ. ನಾನು ಹೆಸರಿನ ಮುಂದೆ 1, 2, 3 ಹಾಕಿ ನೋಡಿದೆ, ಬಳಿಕ 001, 002 ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ನನ್ನ ಸ್ಟೀರಿಯೊ ಹೆಸರನ್ನು ನೋಡುವುದೇ ಇಲ್ಲ. ಡ್ರೈವಿನ ಪಟ್ಟಿಯಲ್ಲಿ ಯಾವುದು ಮೊದಲು ಬರೆಯಲ್ಪಟ್ಟಿದೆಯೋ ಅದನ್ನೇ ಮೊದಲು ಹಾಡುತ್ತದೆ. ಎಲ್ಲವನ್ನೂ ಆರಿಸಿ ಒಟ್ಟಿಗೆ ಎಳೆದು ಹಾಕಿದರೆ, ನಾವು ಹಿಡಿದೆಳೆದ ಫೈಲೇ ಮೊದಲು ಬರೆಯಲ್ಪಡುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಇನ್ನೂ ಸೂಕ್ಷ್ಮವಾದ ತೊಡಕೆಂದರೆ, ಒಂದು ಫೈಲನ್ನು ಅಳಿಸಿ ಇನ್ನೊಂದನ್ನು ಹಾಕಿದರೆ ಹೊಸದು ಪಟ್ಟಿಯ ಕೊನೆಗೆ ಹೋಗದೆ ಅಳಿಸಿದ ಜಾಗಕ್ಕೆ ಬಂದು ಕೂರಬಹುದು. ಆದ್ದರಿಂದ ಡ್ರೈವಿನ ಮೇಲೆ ತಿದ್ದುವುದನ್ನು ನಾನು ಸಂಪೂರ್ಣ ನಿಲ್ಲಿಸಿದ್ದೇನೆ. ಮೂಲಪ್ರತಿಯನ್ನು ಕಂಪ್ಯೂಟರಿನಲ್ಲಿ ತಿದ್ದಿ, ಡ್ರೈವನ್ನು ಖಾಲಿಮಾಡಿ, ಎಲ್ಲವನ್ನೂ ಮತ್ತೆ ಬರೆದು, ಕೊನೆಗೆ ಲಿನಕ್ಸಿನಲ್ಲಿ ಫ್ಯಾಟ್‌ಸಾರ್ಟ್ ಓಡಿಸುತ್ತೇನೆ. ಆ ಚಿಕ್ಕ ಸಾಧನ ಪಟ್ಟಿಯನ್ನೇ ಹೆಸರಿನ ಪ್ರಕಾರ ಮರುಜೋಡಿಸುತ್ತದೆ. ಈ ಒಂದು ಹೆಜ್ಜೆಯಿಂದ ನನ್ನ ಅರ್ಧ ಕಷ್ಟ ಕಳೆಯಿತು.

ಮಗಳ ಲ್ಯಾಪ್‌ಟಾಪ್ ಆ್ಯಪಲ್‌ನದು. ಒಮ್ಮೆ ಅದರಿಂದ ತುಂಬಿಸಿದಾಗ ಪ್ರತಿ ಹಾಡಿನ ನಡುವೆ ಸ್ಟೀರಿಯೊ ಎರಡು ಮೂರು ಸೆಕೆಂಡು ಮೂಕವಾಗುತ್ತಿತ್ತು. ಚುಕ್ಕೆ ಮತ್ತು ಅಡಿಗೆರೆಯಿಂದ ಆರಂಭವಾಗುವ ಅಡಗಿದ ಫೈಲ್‌ಗಳನ್ನು ಅದು ಪ್ರತಿ ಹಾಡಿಗೊಂದರಂತೆ ಬರೆದಿಟ್ಟಿತ್ತು, ಸ್ಟೀರಿಯೊ ಅವನ್ನೂ ಹಾಡೆಂದು ಭಾವಿಸಿ ತೆರೆಯಲು ಪ್ರಯತ್ನಿಸುತ್ತಿತ್ತು. ಅಳಿಸಿದ ಮೇಲೆ ಸರಿಯಾಯಿತು.

ಹೆಸರುಗಳ ವಿಷಯದಲ್ಲಿ ನನಗೆ ನಿಜವಾದ ದುಃಖವಿದೆ. ರಾಗದ ಹೆಸರು, ಪ್ರಸಂಗದ ಹೆಸರು ಕನ್ನಡದಲ್ಲಿಯೇ ಪರದೆಯ ಮೇಲೆ ಬರಬೇಕೆಂದು ಬಹಳ ಹೆಣಗಾಡಿದೆ. ಹಾಡಿನ ವಿವರವನ್ನು ಫೈಲಿನೊಳಗೇ ಇಡುವ ಟ್ಯಾಗುಗಳನ್ನು ಐಡಿ3 ಎಂಬ ಪದ್ಧತಿಯ 2.4ನೇ ಆವೃತ್ತಿಯಲ್ಲಿ ಬರೆದಾಗ ಏನೂ ಕಾಣಲಿಲ್ಲ, 2.3ರಲ್ಲಿ ಯುಟಿಎಫ್-16 ಎಂಬ ಅಕ್ಷರಸಂಕೇತ ಬಳಸಿ ಬರೆದಾಗ ಖಾಲಿ ಚೌಕಗಳ ಸಾಲು ಕಂಡಿತು. ಅಕ್ಷರಗಳು ಒಳಗೆ ಹೋಗಿವೆ, ಆದರೆ ಅವನ್ನು ಬಿಡಿಸಿ ತೋರಿಸುವ ಫಾಂಟ್ ಅದರಲ್ಲಿಲ್ಲ, ಒತ್ತಕ್ಷರ ಜೋಡಿಸುವ ಶಕ್ತಿಯಂತೂ ಇಲ್ಲವೇ ಇಲ್ಲ. ಕೊನೆಗೆ 2.3ರಲ್ಲಿಯೇ ರೋಮನ್ ಲಿಪಿಯಲ್ಲಿ ಚಿಕ್ಕ ಹೆಸರುಗಳನ್ನಿಟ್ಟೆ, ಕನ್ನಡ ಹೆಸರುಗಳನ್ನು ಮೂಲಪ್ರತಿಯಲ್ಲಿ ಉಳಿಸಿಕೊಂಡೆ. ಮುಖಪುಟದ ಚಿತ್ರಗಳನ್ನು ಪೂರ್ತಿ ತೆಗೆದುಹಾಕಿದ್ದೇನೆ. ಎರಡು ಸಾಲಿನ ಪರದೆಗೆ ಅವುಗಳಿಂದ ಉಪಯೋಗವಿಲ್ಲ, ಫೈಲ್ ತೆರೆಯುವುದು ಮಾತ್ರ ನಿಧಾನವಾಗುತ್ತದೆ.

ಗುಣಮಟ್ಟದ ಬಗ್ಗೆ ಗೆಳೆಯರು ಬಹಳ ವಾದಿಸುತ್ತಾರೆ. ಧ್ವನಿಯಲ್ಲಿ ಏನನ್ನೂ ಕಳೆಯದೆ ಉಳಿಸುವ ಫ್ಲ್ಯಾಕ್ ಫೈಲ್ ನನ್ನ ಸ್ಟೀರಿಯೊದಲ್ಲಿ ನಡೆಯುವುದಿಲ್ಲ. 320 ಮತ್ತು 192 ಕೆಬಿಪಿಎಸ್ ಬಿಟ್‌ರೇಟಿನ (ಸೆಕೆಂಡಿಗೆ ಬಳಸುವ ದತ್ತಾಂಶದ ಪ್ರಮಾಣ) ಎಂಪಿ3ಗಳನ್ನು ಹೆಸರು ಮರೆಮಾಡಿ ಹೆದ್ದಾರಿಯಲ್ಲಿ ಹೆಂಡತಿಗೆ ಮತ್ತು ಭಾವಮೈದುನನಿಗೆ ಕೇಳಿಸಿದೆ. 80ರ ವೇಗದಲ್ಲಿ ಇಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಸಂಗೀತಕ್ಕೆ 192 ಸಾಕೆಂದು ನಿರ್ಧರಿಸಿದೆ, ಗಂಟೆಗೆ 86 ಎಂಬಿಯಷ್ಟಾಗುತ್ತದೆ. ತಾಳಮದ್ದಳೆಗೆ 64, ಅದೂ ಎಡ ಬಲ ಬೇರೆಯಿಲ್ಲದ ಮೊನೊ, ಗಂಟೆಗೆ 29 ಎಂಬಿಯಷ್ಟು. 90 ಗಂಟೆ ಗಾಯನ, 100 ಗಂಟೆ ತಾಳಮದ್ದಳೆ ಸೇರಿದರೂ 11 ಜಿಬಿ ದಾಟಲಿಲ್ಲ. ಬದಲಾಗುವ ಬಿಟ್‌ರೇಟಿನ ಗೋಜಿಗೆ ಹೋಗಬೇಡಿ. ನನ್ನ ಸ್ಟೀರಿಯೊ ಅದರಲ್ಲಿ ಸಮಯವನ್ನು ತಪ್ಪಾಗಿ ತೋರಿಸುತ್ತದೆ, ಮುಂದಕ್ಕೆ ಓಡಿಸಿದರೆ ಎಲ್ಲೋ ಹೋಗಿ ಬೀಳುತ್ತದೆ.

ಉದ್ದನೆಯ ಫೈಲ್‌ಗಳು ಇನ್ನೊಂದು ತಲೆನೋವು. ಇಂಜಿನ್ ಆರಿಸಿ ಹಚ್ಚಿದರೆ ಈ ಸ್ಟೀರಿಯೊ ನಡೆಯುತ್ತಿದ್ದ ಫೈಲನ್ನು ಮೊದಲಿನಿಂದ ಹಾಡುತ್ತದೆ. ಸಾತಾರದಲ್ಲಿ ಚಹಾಕ್ಕೆ ಇಳಿದು ಬಂದರೆ ಮುಕ್ಕಾಲು ಗಂಟೆಯ ರಾಗ ಮತ್ತೆ ಆಲಾಪದಿಂದ ಆರಂಭ, ಕರ್ಣನ ಮಾತು ಮತ್ತೆ ಪೀಠಿಕೆಯಿಂದ. ಎಲ್ಲವನ್ನೂ ಸುಮಾರು 12 ನಿಮಿಷದ ತುಂಡುಗಳಾಗಿ ಕತ್ತರಿಸಿದೆ. ಮತ್ತೆ ಎನ್‌ಕೋಡ್ ಮಾಡದೆ ನೇರವಾಗಿ ಕತ್ತರಿಸುವ ಎಂಪಿ3ಡೈರೆಕ್ಟ್‌ಕಟ್ ಇದಕ್ಕೆ ಸಾಕು. ಆದರೆ ಯಂತ್ರ ಹೇಳಿದಲ್ಲಿ ಕತ್ತರಿಸಲು ಬಿಡಬಾರದು, ಏಕೆಂದರೆ ಎರಡು ತುಂಡುಗಳ ನಡುವೆ ಕಣ್ಣೆವೆಯಷ್ಟು ಮೌನ ಬರುತ್ತದೆ, ಅದು ತಾನಿನ (ವೇಗದ ಸ್ವರಸರಣಿಯ) ಮಧ್ಯದಲ್ಲಿ ಬಿದ್ದರೆ ಎದೆ ಹಿಂಡುತ್ತದೆ. ತಾಳದ ಮೊದಲ ಪೆಟ್ಟಾದ ಸಮ್ ಮುಗಿದು ಗಾಯಕರು ಉಸಿರು ತೆಗೆದುಕೊಳ್ಳುವ ಜಾಗವನ್ನು, ಅರ್ಥಧಾರಿ ಮಾತು ಮುಗಿಸಿ ಭಾಗವತರು ಪದ ಎತ್ತಿಕೊಳ್ಳುವ ಜಾಗವನ್ನು ನಾನೇ ಕೂತು ಕೇಳಿ ಗುರುತಿಸಿದೆ. ಒಂದು ಚಳಿಗಾಲದ ಸಂಜೆಗಳೆಲ್ಲ ಇದಕ್ಕೇ ಹೋದವು. ನಿಲ್ಲಿಸಿ ಹೊರಟಾಗ ಅದೇ ತುಂಡಿನ ಬದಲು ಮುಂದಿನ ತುಂಡಿನಿಂದ ಆರಂಭವಾಗುವಂತೆ ಮಾಡುವ ಒಂದು ಉಪಾಯವನ್ನೂ ಕಂಡುಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಇನ್ನು ಧ್ವನಿಯ ಮಟ್ಟ. ರೇಡಿಯೊದಿಂದ ಮುದ್ರಿಸಿದ ಕ್ಯಾಸೆಟ್ ಮೆಲ್ಲಗೆ, ಅಂಗಡಿಯ ಕ್ಯಾಸೆಟ್ ಜೋರಾಗಿ, ತಾಳಮದ್ದಳೆಯ ಚೆಂಡೆ ಒಮ್ಮೆಲೆ ಕಿವಿಗೆ ಬಡಿಯುವಂತೆ ಇದ್ದವು. ಎಂಪಿ3ಗಳ ಮಟ್ಟ ಹೊಂದಿಸುವ ತಂತ್ರಾಂಶ ಎಂಪಿ3ಗೇನ್ ಎಲ್ಲರಿಗೂ ಗೊತ್ತು. ಧ್ವನಿಯನ್ನು ಕೆಡಿಸದೆ 1.5 ಡೆಸಿಬಲ್ ಹೆಜ್ಜೆಗಳಲ್ಲಿ ಏರಿಸಿ ಇಳಿಸುತ್ತದೆ, ಬೇಡವೆಂದರೆ ಹಿಂದಕ್ಕೆ ತರಬಹುದು. ಅದರ ಸಹಜ ಗುರಿ 89 ಡೆಸಿಬಲ್, ಕಾರಿಗೆ ನಾನು 92ಕ್ಕೆ ಇಟ್ಟೆ. ನನ್ನ ತಪ್ಪು ಬೇರೆ ಕಡೆ ಆಯಿತು. ಕತ್ತರಿಸಿದ ತುಂಡುಗಳಿಗೆ ಒಂದೊಂದಾಗಿ ಮಟ್ಟ ಹೊಂದಿಸಿದ್ದರಿಂದ ಆಲಾಪದ ತುಂಡು ದ್ರುತ್ ತುಂಡಿನಷ್ಟೇ ಜೋರಾಗಿ, ತಂಬೂರಿ ಗಾಯಕರ ಮೇಲೇರಿ ಕುಳಿತಂತೆ ಕೇಳತೊಡಗಿತು; ರಾಗ ಬೆಳೆಯುವ ಕ್ರಮವೇ ಮಾಯವಾಯಿತು. ಒಂದು ಕಛೇರಿಯ ಎಲ್ಲ ತುಂಡುಗಳನ್ನು ಒಂದೇ ಆಲ್ಬಮ್ ಎಂದು ಪರಿಗಣಿಸಿ ಒಟ್ಟಿಗೆ ಏರಿಸಬೇಕು. ಹಾಗೆ ಮಾಡಿದಾಗ ಕ್ರಮ ಮರಳಿತು, ಆದರೆ ಮಂದ್ರದ ಆಲಾಪ ರಸ್ತೆಯ ಸದ್ದಿನಲ್ಲಿ ಮುಳುಗಿತು. ಅದಕ್ಕೆ ಕಾರಿನ ಪ್ರತಿಗೆ ಮಾತ್ರ, ಎಂಪಿ3 ಮಾಡುವ ಮೊದಲು, ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ, ಮೆಲುದನಿ ಮತ್ತು ಜೋರುದನಿಯ ಅಂತರ ತಗ್ಗಿಸುವ ಕಂಪ್ರೆಸರನ್ನು ಬಹಳ ಹಗುರವಾಗಿ ಹಾಕುತ್ತೇನೆ. ಅದರ ಅಂಕಿಗಳನ್ನು ಹೊಂದಿಸಲು ನಾನು ಮುಂಬೈ ರಸ್ತೆಯಲ್ಲಿ ಲೋಣಾವಳದವರೆಗೆ ಏಳೆಂಟು ಸಲ ಸುಮ್ಮನೆ ಹೋಗಿ ಬಂದಿದ್ದೇನೆ, ಪೆಟ್ರೋಲಿಗೇ 4,000 ರೂಪಾಯಿಗಿಂತ ಹೆಚ್ಚು ಖರ್ಚಾಗಿದೆ. ಪ್ರತಿಯೊಬ್ಬರ ಕಾರಿನ ಸದ್ದು ಬೇರೆ. ನನ್ನ ಅಂಕಿಗಳನ್ನು ಬರೆಯುವುದಿಲ್ಲ.

ಕ್ಯಾಸೆಟ್ ಇಳಿಸಿಕೊಳ್ಳುವ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. ಕ್ಯಾಸೆಟ್ ಡೆಕ್ಕನ್ನು ಪುಣೆಯ ಹಳೆಯ ವಸ್ತುಗಳ ಸಂತೆಯಾದ ಜುನಾ ಬಜಾರಿನಲ್ಲಿ ಒಂದು ಭಾನುವಾರ 1,800ಕ್ಕೆ ಕೊಂಡೆ, ಬೆಲ್ಟಿಗೆ 300, ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಗೆ 1,100 ಆಯಿತು. ಮೊದಲ ಮೂವತ್ತು ಕ್ಯಾಸೆಟ್‌ಗಳು ಕಂಬಳಿ ಹೊದಿಸಿದಂತೆ ಮಂಕಾಗಿ ಬಂದವು. ಟೇಪು ಹಳತಾಗಿದೆಯೆಂದೇ ನಂಬಿದ್ದೆ. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಪ್ರತಿ ಕ್ಯಾಸೆಟ್ಟಿಗೂ ಕೂದಲೆಳೆಯಷ್ಟು ತಿರುಗಿಸಿ, ಎಡ ಬಲ ಎರಡೂ ಧ್ವನಿಯನ್ನು ಕೂಡಿಸಿ ಮೊನೊ ಮಾಡಿ ಕೇಳುತ್ತ, ಧ್ವನಿ ಅತಿ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಬೇಕೆಂದು ತಿಳಿದ ಮೇಲೆ ಆ ಮೂವತ್ತನ್ನೂ ಮತ್ತೆ ಇಳಿಸಿದೆ. ತಂದೆಯವರು ಒಂದು ಕ್ಯಾಸೆಟ್ಟಿನ ಕೊನೆಯಲ್ಲಿ ತಮ್ಮ ದನಿಯಲ್ಲಿ ರಾಗದ ಹೆಸರು ಮತ್ತು ತಾರೀಖು ಹೇಳಿದ್ದಾರೆ. ಅದು ಎರಡನೆಯ ಸಲ ಇಳಿಸಿದಾಗಲೇ ಸರಿಯಾಗಿ ಕೇಳಿಸಿತು.

ಲೆಕ್ಕ ಹೀಗಿದೆ: ನೀರಿಗೆ ಹೋದದ್ದು ಸುಮಾರು 1,250, ಕೆಲಸಕ್ಕೆ ಬಂದ ವಸ್ತುಗಳಿಗೆ 4,900, ಪೆಟ್ರೋಲ್ ಬೇರೆ. 128 ಜಿಬಿಯ ಡ್ರೈವ್ ಈಗ ಮೂಲಪ್ರತಿಗಳ ಭಂಡಾರವಾಗಿ ಬೀರುವಿನಲ್ಲಿದೆ. ಒಟ್ಟು ಖರ್ಚು ಹೊಸ ಸ್ಟೀರಿಯೊದ ಬೆಲೆಯನ್ನು ಮುಟ್ಟಲಿಲ್ಲ, ಮತ್ತು ಮೇಲೆ ಹೇಳಿದ ಕತ್ತರಿಸುವುದು, ಮಟ್ಟ ಹೊಂದಿಸುವುದು ಯಾವುದನ್ನೂ 14,000ದ ಪರದೆ ನನಗಾಗಿ ಮಾಡಿಕೊಡುತ್ತಿರಲಿಲ್ಲ. ಭಾವಮೈದುನನ ಕಾರಿನಲ್ಲಿ ಅಂಥ ಪರದೆಯೇ ಇದೆ. ದೀಪಾವಳಿಯ ಮರುವಾರ ಅವನು ತನ್ನ ಡ್ರೈವನ್ನು ತಂದು ಇದೇ ರೀತಿ ತುಂಬಿಸಿಕೊಡಲು ಕೇಳಿದ, ತುಂಬಿಸಿಕೊಟ್ಟೆ.

ಬೇಸಿಗೆಯಲ್ಲಿ ಒಂದು ಎಚ್ಚರಿಕೆ ಬೇಕು. ಲೋಹದ ಮೈಯ ಸಣ್ಣ ಡ್ರೈವ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮುಟ್ಟಲಾರದಷ್ಟು ಕಾಯುತ್ತದೆ. ಮೇ ತಿಂಗಳಲ್ಲಿ ನಿಪ್ಪಾಣಿಯ ಹತ್ತಿರ ಊಟಕ್ಕೆ ನಿಲ್ಲಿಸಿ ಬಂದಾಗ ನನ್ನದು ಹತ್ತು ನಿಮಿಷ ಕೆಲಸ ಮಾಡಲಿಲ್ಲ, ತಣ್ಣಗಾದ ಮೇಲೆ ಸರಿಹೋಯಿತು. ಈಗ ಇಳಿಯುವಾಗ ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತೇನೆ, ಎರಡನೆಯ ಡ್ರೈವ್ ಅದೇ ಪ್ರತಿಯೊಂದಿಗೆ ಹೆಂಡತಿಯ ಚೀಲದಲ್ಲಿರುತ್ತದೆ. ಆ ಪ್ರತಿಯಲ್ಲಿ ಮಾತ್ರ ತಾಳಮದ್ದಳೆಯ ಫೋಲ್ಡರ್ ಮೊದಲು ಬರುತ್ತದೆ.