ಸ್ಮಾರ್ಟ್‌ವಾಚ್ ಬಿಚ್ಚಿಟ್ಟೆ, ಫೋನನ್ನೇ ಕೈಗೆ ಕಟ್ಟಿಕೊಂಡೆ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ಎರಡೂವರೆ ಎಕರೆ ದ್ರಾಕ್ಷಿ ಪಡ. ಪಡದಲ್ಲಿ ದುಡಿದವರಿಗೆ ಗೊತ್ತು, ಅಲ್ಲಿ ದಿನವಿಡೀ ಕೈ ಎರಡೂ ಮೇಲೆ ಇರುತ್ತವೆ. ಬಳ್ಳಿ ತಲೆಯ ಮೇಲೆ, ಗೊನೆ ಮೂಗಿನ ಮುಂದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಕಾಳು ಕಟ್ಟಿದ ಮೇಲೆ ಡಿಪ್ಪಿಂಗ್ ಬಂತು ಅಂದರೆ ಇನ್ನೂ ಕಷ್ಟ. ಒಂದೊಂದೇ ಗೊನೆಯನ್ನು ಕಾಳು ದಪ್ಪ ಮಾಡುವ ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದ ಮಗ್ಗಿನಲ್ಲಿ ಅದ್ದುತ್ತಾ ಹೋಗಬೇಕು. ಅಂಗೈಯಿಂದ ಇಳಿದ ನೀರು ಮೊಣಕೈವರೆಗೂ ಹರಿಯುತ್ತದೆ. ಸರಿಯಾಗಿ ಆಗಲೇ ಫೋನ್ ಬರುತ್ತದೆ. ಔಷಧಿ ಅಂಗಡಿಯವರೋ, ಟ್ರ್ಯಾಕ್ಟರ್‌ನವರೋ, ಇಲ್ಲವೇ ತ್ರೀಫೇಸ್ ಕರೆಂಟ್ ಬಂತು ಅಂತ ಪಕ್ಕದ ಹೊಲದವರೋ.

ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ ಒಂದು ಫೋನು ಬಗ್ಗಿದಾಗ, ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬ್ಯಾರಲ್‌ಗೆ ಬಿತ್ತು. ಸುಣ್ಣ ಮತ್ತು ಮೈಲುತುತ್ತದ ನೀರಲ್ಲಿ ಮಿಂದ ಫೋನು ಮತ್ತೆ ಎದ್ದೀತೇ? ಆಮೇಲೆ ಫೋನನ್ನು ಬುತ್ತಿ ಚೀಲದ ಜೊತೆ ಬೇವಿನ ಮರಕ್ಕೆ ತೂಗುಹಾಕಿ, ಕೈಗೊಂದು ಸ್ಮಾರ್ಟ್‌ವಾಚ್ ಕಟ್ಟಿಕೊಂಡೆ. ನಾಲ್ಕು ಸಾಲು ದಾಟುವ ಹೊತ್ತಿಗೆ ಅದು ಸತ್ತಂತೆ. ವಾಚಿಗೂ ಫೋನಿಗೂ ಇರುವುದು ಬ್ಲೂಟೂತ್ ನಂಟು. ಹತ್ತು ಮೀಟರ್ ಆಚೆ ಹೋದರೆ, ನಡುವೆ ಬಳ್ಳಿ ಎಲೆ ದಟ್ಟವಾಗಿದ್ದರೆ, ಆ ನಂಟು ಕಡಿದು ಹೋಗುತ್ತದೆ. ಇಂಥ ವಾಚು ಫೋನಿನ ಬಾಲ. ದನವನ್ನು ಮರಕ್ಕೆ ಕಟ್ಟಿ ಬಾಲ ಹಿಡಿದು ಹೊಲ ಸುತ್ತಲು ಆಗುತ್ತದೆಯೇ? ಫೋನಿನ ಹಂಗಿಲ್ಲದೆ ತಾವೇ ಕರೆ ಹಿಡಿಯುವ ಇ-ಸಿಮ್ ವಾಚುಗಳೂ ಇವೆ. ಅವುಗಳ ಬೆಲೆ ಕೇಳಿ ಸುಮ್ನೆ ಬಂದೆ.

ಆಗ ನೆನಪಾಗಿದ್ದು ಅಂಗೈಯಲ್ಲಿ ಮುಚ್ಚಿಹೋಗುವ ಪುಟ್ಟ ಆಂಡ್ರಾಯ್ಡ್ ಫೋನುಗಳು. ಯುನಿಹರ್ಟ್ಜ್ ಅನ್ನುವ ಕಂಪನಿ 2017ರಲ್ಲಿ ಜೆಲ್ಲಿ ಪ್ರೊ ಅಂತ ತಂದಿತ್ತು. ಅದರ ಪರದೆ 2.45 ಇಂಚು, ಬ್ಯಾಟರಿ ಬರೀ 950 ಎಂಎಎಚ್. 2020ರಲ್ಲಿ ಬಂದ ಜೆಲ್ಲಿ 2ರಲ್ಲಿ ಪರದೆ 3 ಇಂಚು, ಬ್ಯಾಟರಿ 2000 ಎಂಎಎಚ್ ಆಯಿತು. ದುಬೈಯಲ್ಲಿರುವ ನನ್ನ ಅಕ್ಕನ ಮಗ ಊರಿಗೆ ಬರುವಾಗ ಈ ಎರಡನೆಯದನ್ನೇ ತಂದುಕೊಟ್ಟ. ತೂಕ 110 ಗ್ರಾಂ, ಉದ್ದ ಒಂಬತ್ತೂವರೆ ಸೆಂಟಿಮೀಟರ್, ದಪ್ಪ ಒಂದೂವರೆ ಸೆಂಟಿಮೀಟರ್‌ಗಿಂತ ಜಾಸ್ತಿ. ಅರ್ಧ ಸವೆದ ಸಾಬೂನಿನ ಹಾಗಿದೆ. ಕೈಯಲ್ಲಿ ಹಿಡಿದರೆ ಚಿಕ್ಕದು, ಕೈಗೆ ಕಟ್ಟಿದರೆ ದೊಡ್ಡದು.

ಮೊದಲು ವಾಚಿನಂತೆ ಮಣಿಕಟ್ಟಿನ ಮೇಲೆಯೇ ಕಟ್ಟಿದೆ. ತಪ್ಪಾಯಿತು. ಕೈ ಮಡಚಿದರೆ ಅಂಚು ಚುಚ್ಚುತ್ತದೆ, ಪಡದ ತಂತಿಗೆ ಸಿಕ್ಕಿಕೊಳ್ಳುತ್ತದೆ. ಒಂದು ವಾರ ಒದ್ದಾಡಿದ ಮೇಲೆ ಹೊಳೆಯಿತು, ನಮ್ಮ ಕೆಲಸದಲ್ಲಿ ಕೈ ಎತ್ತಿದಾಗ ಮುಖಕ್ಕೆ ಎದುರಾಗುವುದು ಮುಂಗೈಯ ಹೊರಬದಿಯಲ್ಲ, ಒಳಬದಿ. ಮಣಿಕಟ್ಟಿನಿಂದ ನಾಲ್ಕು ಬೆರಳು ಕೆಳಗೆ, ಎಡಗೈಯ ಒಳಬದಿಗೆ ಕಟ್ಟಿ ನೋಡಿದೆ. ಗೊನೆ ಹಿಡಿದರೆ ಪರದೆ ತಾನಾಗಿ ಕಣ್ಣ ಮುಂದೆ ಬಂತು! ಮಗ್ಗು ಬಲಗೈಯಲ್ಲಿ ಇರುವುದರಿಂದ ಎಡಗೈಗೆ ನೀರು ಇಳಿಯುವುದೂ ಕಡಿಮೆ.

ಪಟ್ಟಿಯದೇ ದೊಡ್ಡ ಕಥೆ. ಮೊದಲ ಸಲ ಮೆತ್ತನೆ ಹಿಂಬದಿ ಕವರಿಗೆ ಇಲಾಸ್ಟಿಕ್ ಪಟ್ಟಿಯನ್ನು ಅಂಟಿನಿಂದ ಹಚ್ಚಿದೆ. ನಮ್ಮ ಬಿಸಿಲಿಗೆ ಅಂಟು ಮೂರೇ ದಿನಕ್ಕೆ ಬಿಟ್ಟಿತು. ಎರಡನೇ ಸಲ ವಿಜಯಪುರಕ್ಕೆ ಹೋಗಿ, ಬೈಕಿನ ಸೀಟ್ ಕವರ್ ಹೊಲಿಯುವವರ ಮುಂದೆ ಫೋನು ಇಟ್ಟೆ. ಅವರು ನನ್ನನ್ನೊಮ್ಮೆ, ಫೋನನ್ನೊಮ್ಮೆ ನೋಡಿ, "ಕಾಕಾ, ಇದೇನ್ ಕೈಗೆ ಸೀಟ್ ಹಾಕ್ಸೂದೇನ್ರಿ?" ಅಂದರು. ಆದರೆ ಕೆಲಸ ಚೆನ್ನಾಗಿ ಮಾಡಿದರು. ರೆಕ್ಸಿನ್ ಚೀಲ, ಮುಂದೆ ತೆಳು ಪ್ಲಾಸ್ಟಿಕ್ ಕಿಟಕಿ, ಹಿಂದೆ ಎರಡು ಅಗಲ ಪಟ್ಟಿ, ಮಕ್ಕಳ ಬೂಟಿನಲ್ಲಿ ಇರುವಂಥ ಚರ್ ಅಂತ ಬಿಚ್ಚುವ ವೆಲ್ಕ್ರೋ. ಪಟ್ಟಿ ಒಂದೇ ಇದ್ದರೆ ಫೋನು ತಿರುಗಿ ಹೊರಬದಿಗೆ ಜಾರುತ್ತದೆ, ಎರಡು ಬೇಕೇ ಬೇಕು. ಬಕಲ್ ಬೇಡ ಅಂತ ನಾನೇ ಹೇಳಿದೆ. ತಂತಿಗೆ ಸಿಕ್ಕಿ ಜಗ್ಗಿದರೆ ವೆಲ್ಕ್ರೋ ಬಿಚ್ಚಿಕೊಳ್ಳುತ್ತದೆ, ಬಕಲ್ ಆದರೆ ಕೈಯನ್ನೂ ಎಳೆಯುತ್ತದೆ. ಹಾಗಂತ ಔಷಧಿ ಸಿಂಪಡಿಸುವ ಟ್ರ್ಯಾಕ್ಟರ್ ಬ್ಲೋವರ್ ಹತ್ತಿರ ಹೋಗುವಾಗ ವೆಲ್ಕ್ರೋ ನಂಬಿ ಕೂರುವುದಿಲ್ಲ. ಅಲ್ಲಿ ಟ್ರ್ಯಾಕ್ಟರ್‌ನಿಂದ ಬ್ಲೋವರ್‌ಗೆ ಶಕ್ತಿ ಕೊಡುವ, ತಿರುಗುವ ಪಿಟಿಒ ಶಾಫ್ಟ್ ಇರುತ್ತದೆ. ಫೋನು, ವಾಚು, ಟವೆಲ್ಲು, ಮೈಮೇಲೆ ಜೋತಾಡುವ ಎಲ್ಲವನ್ನೂ ಬಿಚ್ಚಿಟ್ಟೇ ಹೋಗುತ್ತೇನೆ.

ಬರಿಮೈಗೆ ಕಟ್ಟಬೇಡಿ. ರೆಕ್ಸಿನ್ ಕೆಳಗೆ ಬೆವರು ನಿಂತು ನನಗೆ ಕೆಂಪು ಬೊಬ್ಬೆ ಎದ್ದವು. ಈಗ ತುಂಬುತೋಳಿನ ಹತ್ತಿ ಅಂಗಿ ಹಾಕಿ ಅದರ ಮೇಲೆ ಕಟ್ಟುತ್ತೇನೆ. ಏಪ್ರಿಲ್ ಚಾಟ್ನಿ ಹೊತ್ತಿಗೆ ಮಧ್ಯಾಹ್ನ ಬಿಸಿಲು 40 ಡಿಗ್ರಿ ಹತ್ತಿರ ಇರುತ್ತದೆ. ಆಗ ಹನ್ನೆರಡರಿಂದ ಮೂರರವರೆಗೆ ಅದನ್ನು ಬಿಚ್ಚಿ ನೆರಳಿಗೆ ಇಡುತ್ತೇನೆ. ಬಿಸಿಯಾದ ಬ್ಯಾಟರಿಯನ್ನು ಮೈಗೆ ಕಟ್ಟಿಕೊಂಡು ತಿರುಗುವ ಧೈರ್ಯ ನನಗಿಲ್ಲ.

ಸಿಮ್ ಯಾವುದರಲ್ಲಿ ಇರಬೇಕು ಅನ್ನುವುದು ಇನ್ನೊಂದು ತಲೆನೋವು. ಹಳೆಯ ನಂಬರು ದೊಡ್ಡ ಫೋನಿನಲ್ಲಿದೆ. ಮುಖ್ಯ ಬ್ಯಾಂಕ್ ಖಾತೆ, ಆಧಾರ್, ಇಂಥವಕ್ಕೆಲ್ಲ ಅದೇ ನಂಬರು. ಪುಟ್ಟ ಫೋನಿಗೆ ಬೇರೆ ಸಿಮ್ ಹಾಕಿ, ಹೊಲಕ್ಕೆ ಹೊರಡುವಾಗ ದೊಡ್ಡ ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡ್ ಮಾಡುತ್ತೇನೆ. ಕರೆಗಳು ಬರುತ್ತವೆ. ಓಟಿಪಿ ಮೆಸೇಜುಗಳು ಬರುವುದಿಲ್ಲ, ಅವು ಮನೆಯಲ್ಲೇ ಉಳಿಯುತ್ತವೆ. ಅದೂ ಒಂದು ಲೆಕ್ಕಕ್ಕೆ ಒಳ್ಳೆಯದೇ ಅಲ್ವಾ? ವಾಟ್ಸಾಪ್‌ಗೆ ಮಾತ್ರ ಚಿಂತೆ ಇಲ್ಲ. 2023ರಿಂದ ಒಂದೇ ಖಾತೆಯನ್ನು ಇನ್ನೊಂದು ಫೋನಿಗೂ ಜೋಡಿಸಬಹುದು. ಮನೆಯ ಫೋನಿನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ಪುಟ್ಟ ಫೋನಿನಲ್ಲಿ ಬರುವ ಕ್ಯೂಆರ್ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿದರೆ ಆಯಿತು. ಎಲೆಗೆ ರೋಗ ಬಿದ್ದ ಫೋಟೋಗಳು ಕೈಗೇ ಬರುತ್ತವೆ.

ಬರುತ್ತವೆ, ಆದರೆ ನಾನು ಫೋಟೋ ತೆಗೆಯುವಂತಿಲ್ಲ. ಕ್ಯಾಮೆರಾ ಇರುವುದು ಹಿಂಬದಿ, ಹಿಂಬದಿ ಇರುವುದು ನನ್ನ ತೋಳಿನ ಮೇಲೆ. ಬೆರಳಚ್ಚಿನ ಗುಂಡಿಯೂ ಅಲ್ಲೇ. ಇದು ಕಟ್ಟಿಕೊಂಡ ಮೇಲೆ ಗೊತ್ತಾಯಿತು. ಬೆರಳಚ್ಚು ಬಿಟ್ಟು ಪಿನ್‌ಗೆ ಬಂದೆ. ಚಹಾ ಅಂಗಡಿಯಲ್ಲಿ ದುಡ್ಡು ಕೊಡಲು ಕ್ಯೂಆರ್ ಮುಂದೆ ಮೊಣಕೈ ತಿರುಗಿಸಿ ನಿಂತ ನನ್ನನ್ನು ನೋಡಿ ಇಡೀ ಅಂಗಡಿ ನಕ್ಕಿದೆ. ಈಗ ಕಿಸೆಯಲ್ಲಿ ಚಿಲ್ಲರೆ ಇಟ್ಟುಕೊಳ್ಳುತ್ತೇನೆ.

ಒದ್ದೆ ಬೆರಳಿಗೆ ಪರದೆ ಸರಿಯಾಗಿ ಓಗೊಡುವುದಿಲ್ಲ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಹತ್ತುತ್ತದೆ. ನಾನು ಕಂಡುಕೊಂಡ ಉಪಾಯ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಮೂಗು. ಪರದೆ ಹೇಗೂ ಮುಖದ ಎದುರಿಗೇ ಇರುತ್ತದೆ, ಮೂಗಿನ ತುದಿಯಿಂದ ಸರಿಸಿದರೆ ಕರೆ ಎತ್ತಿಕೊಳ್ಳುತ್ತದೆ. ಸ್ಪೀಕರಿನಲ್ಲಿ ಮಾತಾಡಬೇಕು, ಹಾಗಾಗಿ ಸಾಲಿನಲ್ಲಿರುವ ಎಲ್ಲರಿಗೂ ಕೇಳುತ್ತದೆ. ಒಮ್ಮೆ ಮನೆಯಿಂದ, "ರೀ, ಸಂಘದ ಕಂತು ಕಟ್ಟೀರೋ ಇಲ್ಲೋ?" ಅಂತ ಜೋರು ದನಿ ಬಂತು. ಪಕ್ಕದ ಸಾಲಿನ ಅಕ್ಕ ನನಗಿಂತ ಮೊದಲೇ, "ಇಲ್ರೀ ವೈನಿ!" ಅಂದಳು. ಅಂದಿನಿಂದ ಒಂದು ಕಿವಿಗೆ ಬ್ಲೂಟೂತ್ ಇಯರ್‌ಫೋನ್.

ವಾಚಿನಲ್ಲಿದ್ದ ಕೆಲವು ಸವಲತ್ತು ಇಲ್ಲಿ ಇಲ್ಲ. ನಾಡಿ ಲೆಕ್ಕ ಹಾಕುವ ಹಸಿರು ಬೆಳಕು ಇಲ್ಲ, ನಿದ್ದೆಯ ಲೆಕ್ಕ ಇಲ್ಲ. ನನಗೆ ಅವು ಬೇಕಾಗಿಯೂ ಇರಲಿಲ್ಲ. ರಾತ್ರಿ ಚಾರ್ಜಿಗೆ ಹಾಕಿದರೆ ಮರುದಿನ ಸಂಜೆ ಹೊತ್ತಿಗೂ ಕಾಲು ಭಾಗ ಉಳಿದಿರುತ್ತದೆ. ಡೇಟಾ ಬೇಕಾದಾಗ ಮಾತ್ರ ಹಾಕುತ್ತೇನೆ. ಟೈಪ್ ಮಾಡುವ ಆಸೆ ಮಾತ್ರ ಬಿಡಬೇಕು. ಮೂರಿಂಚಿನಲ್ಲಿ ಕನ್ನಡ ಕೀಲಿಮಣೆ ಸಾಸಿವೆ ಆರಿಸಿದಂತೆ. ನಾನು ವಾಯ್ಸ್ ಮೆಸೇಜ್ ಕಳಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗ ಆಗಿದ್ದು ಮೋಟಾರಿಗೆ. ಬೋರ್‌ವೆಲ್ ಸ್ಟಾರ್ಟರಿಗೆ ಸಿಮ್ ಹಾಕಿದ ಪೆಟ್ಟಿಗೆ ಇದೆ, ಫೋನ್ ಮಾಡಿದರೆ ಚಾಲೂ ಆಗುತ್ತದೆ. ಮೊದಲೆಲ್ಲ ಕರೆಂಟ್ ಬಂದದ್ದು ತಿಳಿದು, ಮರದ ಹತ್ತಿರ ಓಡಿ, ಕೈ ಒರೆಸಿಕೊಂಡು ಫೋನ್ ಮಾಡುವ ಹೊತ್ತಿಗೆ ಕಾಲು ಗಂಟೆ ಹೋಗುತ್ತಿತ್ತು. ಈಗ ಆ ನಂಬರು ಮೊದಲ ಪರದೆಯಲ್ಲೇ ದೊಡ್ಡ ಗುಂಡಿಯಾಗಿ ಕೂತಿದೆ. ನಿಂತಲ್ಲೇ ಮೂಗಿನಿಂದ ಮೋಟಾರು ಚಾಲೂ.

ಪ್ಲಾಸ್ಟಿಕ್ ಕಿಟಕಿ ಈಗ ಮಸುಕಾಗಿದೆ. ಮುಂದಿನ ವಾರ ಮತ್ತೆ ಸೀಟ್ ಕವರ್ ಅಂಗಡಿಗೆ ಹೋಗಬೇಕು. ಈ ಸಲ ಚೀಲವನ್ನು ಪಟ್ಟಿಯಿಂದ ಬೇರೆ ಮಾಡಿ, ಟಿಚ್ ಗುಂಡಿಯಲ್ಲಿ ಕೂರಿಸಲು ಹೇಳುತ್ತೇನೆ. ಹಿಂದೆ ಕ್ಯಾಮೆರಾ ಇರುವ ಕಡೆ ಒಂದು ತೂತು ಇಟ್ಟರೆ, ಚಟ್ಟನೆ ಕಿತ್ತು ಎಲೆಯ ಫೋಟೋ ತೆಗೆದು ಮತ್ತೆ ಕೂರಿಸಬಹುದು. ಚಹಾದ ದುಡ್ಡನ್ನೂ ಕೊಡಬಹುದು.