ಉಪ್ಪು ಮೆಟ್ಟಿಲಿಳಿಯಬಾರದು

ಸಾಗರ ದಾಟಲು ಹೊರಟ ಹಾಯಿದೋಣಿಯಲ್ಲಿ ಈಚಿನ ಹುಡುಗ ಹುಡುಗಿಯರು ಪಾಳಿ ಮುಗಿಸಿ ಕ್ಯಾಬಿನ್ನಿಗೆ ಇಳಿದು ಬರುವ ರೀತಿಯನ್ನು ಕಂಡಾಗಲೆಲ್ಲ ನನಗೆ ರೇಗುತ್ತದೆ. ನಡುರಾತ್ರಿಯಲ್ಲಿ ಮೂರು ಗಂಟೆ ಕಾಲ ಚುಕ್ಕಾಣಿಯ ಬಳಿ ಕುಳಿತು, ಅಲೆ ಎರಚಿದ ನೀರಿನಲ್ಲಿ ನೆನೆದು, ಅದೇ ಮಳೆಯಂಗಿಯಲ್ಲಿ ಮೆಟ್ಟಿಲಿಳಿದು, ಸುಸ್ತಾಗಿದೆ ಎಂದು ನೇರವಾಗಿ ಮಲಗುವ ಬಂಕಿನ ಮೇಲೆ ಉರುಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಹಾಸಿಗೆ ಜಿಗುಟಾಗುತ್ತದೆ, ಮೈಯ ಸಂದುಗಳಲ್ಲಿ ಉರಿ ಹತ್ತಿ ಹುಣ್ಣಾಗುತ್ತದೆ. ಆಮೇಲೆ ‘ಸಮುದ್ರದ ಮೇಲೆ ಯಾವುದೂ ಒಣಗುವುದಿಲ್ಲ’ ಎಂದು ಹವೆಯನ್ನು ದೂರುತ್ತ ಕೂರುತ್ತಾರೆ. ಹವೆಯದೇನೂ ತಪ್ಪಿಲ್ಲ. ಉಪ್ಪನ್ನು ಒಳಗೆ ತಂದವರು ತಾವೇ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅದರಲ್ಲಿ ಅಡುಗೆ ಉಪ್ಪಿನ ಜೊತೆಗೆ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದ್ದು, ಅದು ಗಾಳಿಯಲ್ಲಿನ ತೇವವನ್ನು ಹಗಲೂ ರಾತ್ರಿ ಹೀರಿಕೊಳ್ಳುತ್ತದೆ. ಹೀಗಾಗಿ ಸಮುದ್ರದ ನೀರಿನಲ್ಲಿ ನೆಂದ ಬಟ್ಟೆ ಮಧ್ಯಾಹ್ನದ ಬಿಸಿಲಿಗೆ ಗರಿಗರಿಯಾಗಿ ಒಣಗಿದಂತೆ ಕಂಡರೂ ಕತ್ತಲಾದೊಡನೆ ಮತ್ತೆ ಒದ್ದೆಯಾಗುತ್ತದೆ. ಉಪ್ಪು ಹೋಗದೆ ತೇವ ಹೋಗುವುದಿಲ್ಲ, ಸಿಹಿನೀರು ತಾಗದೆ ಉಪ್ಪು ಹೋಗುವುದಿಲ್ಲ.

ಸಿಹಿನೀರನ್ನು ಎಲ್ಲಿಂದ ತರೋಣ ಎಂದು ಕೇಳುವವರಿಗೆ ನನ್ನ ಕ್ರಮವನ್ನು ಬಿಡಿಸಿ ಹೇಳುತ್ತೇನೆ. ಬೇಕಾಗಿರುವುದು ಸಣ್ಣ ಬೋಗುಣಿಯಲ್ಲಿ ಎರಡು ಲೋಟದಷ್ಟು ನೀರು ಮತ್ತು ತೊಳೆದು ತೊಳೆದು ಮೆತ್ತಗಾದ ಎರಡು ಹತ್ತಿ ಬಟ್ಟೆಯ ತುಂಡು, ಅಷ್ಟೇ. ಮಳೆಯಂಗಿಯನ್ನು ಕಾಕ್‌ಪಿಟ್‌ನಲ್ಲೇ, ಅಂದರೆ ಚುಕ್ಕಾಣಿಯಿರುವ ಮೇಲಿನ ತೆರೆದ ಜಾಗದಲ್ಲೇ, ಕೊಡವಿ, ಮೆಟ್ಟಿಲ ಬುಡದ ಕೊಕ್ಕೆಗೆ ತೂಗುಹಾಕಬೇಕು. ಅದು ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಬರಕೂಡದು. ಕೆಳಗಿನ ಮೆಟ್ಟಿಲ ಮೇಲೆಯೇ ಕುಳಿತುಕೊಳ್ಳಿ. ದೋಣಿ ಹೊರಳುವಾಗ ನಿಂತು ಮೈ ಒರೆಸಲು ಹೋಗಿ ಬೀಳುವ ಶೌರ್ಯ ಬೇಡ. ಮೊದಲ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಷ್ಟು ಹಿಂಡಿ, ಕಣ್ಣಿನ ರೆಪ್ಪೆಯಿಂದ ಆರಂಭಿಸಿ. ಆಮೇಲೆ ಹಣೆ, ಕಿವಿಯ ಹಿಂಭಾಗ, ಕತ್ತು, ಕಂಕುಳು, ಬೆರಳ ಸಂದು, ಮೊಣಕಾಲ ಹಿಂದಿನ ಮಡಿಕೆ, ಕೊನೆಗೆ ಪಾದ. ಎರಡನೆಯ ಬಟ್ಟೆಗೆಂದು ಒಂದು ಹಿಡಿ ನೀರನ್ನು ಮೊದಲೇ ಬೇರೆ ತೆಗೆದಿಟ್ಟಿರಬೇಕು. ಅದರಲ್ಲಿ ಅದ್ದಿ, ಬಲವಾಗಿ ಹಿಂಡಿ, ಅದೇ ಕ್ರಮದಲ್ಲಿ ಮತ್ತೊಮ್ಮೆ ಒರೆಸಿಕೊಳ್ಳಿ. ಮೊದಲ ಬಟ್ಟೆ ಉಪ್ಪನ್ನು ಕರಗಿಸುತ್ತದೆ, ಎರಡನೆಯದು ಅದನ್ನು ತೆಗೆಯುತ್ತದೆ. ಒಂದೇ ಬಟ್ಟೆಯಲ್ಲಿ ಮುಗಿಸಿದರೆ ಕರಗಿದ ಉಪ್ಪನ್ನು ಮೈಯೆಲ್ಲ ಹರಡಿದಂತಾಯಿತು. ನೀರು ಉಳಿಸುವ ಹುಮ್ಮಸ್ಸಿನಲ್ಲಿ ಈ ಬಟ್ಟೆಗಳನ್ನು ಸಮುದ್ರದ ನೀರಿನ ಬಕೆಟ್ಟಿನಲ್ಲಿ ಜಾಲಿಸುವ ಜಾಣರನ್ನೂ ನೋಡಿದ್ದೇನೆ. ಅವರಿಗೆ ಏನು ಹೇಳುವುದೋ ತಿಳಿಯದು. ಒರೆಸಿಯಾದ ಮೇಲೆ ಮುಂಗೈಗೆ ನಾಲಗೆ ತಾಗಿಸಿ ನೋಡಿ. ಉಪ್ಪೆನಿಸಿದರೆ ಇನ್ನೊಮ್ಮೆ.

ಕೂದಲನ್ನು ಎಲ್ಲರೂ ಮರೆಯುತ್ತಾರೆ, ದಿಂಬು ಕೆಡುವುದೇ ಅದರಿಂದ. ದಿನವೂ ತಲೆ ತೊಳೆಯುವಷ್ಟು ನೀರು ಯಾರ ಬಳಿಯೂ ಇರುವುದಿಲ್ಲವಾದ್ದರಿಂದ ಕೂದಲನ್ನು ಒದ್ದೆ ಬಟ್ಟೆಯಿಂದ ಬುಡದಿಂದ ತುದಿಯವರೆಗೆ ಎಳೆದು ಒರೆಸಿ, ಒಣ ಹತ್ತಿ ವಸ್ತ್ರ ಸುತ್ತಿಯೇ ಮಲಗಬೇಕು. ಮಲಗುವ ಉಡುಪು ಬೇರೆಯೇ ಇರಲಿ, ಅದು ಮೆಟ್ಟಿಲು ಹತ್ತುವಂತಿಲ್ಲ. ಡಾಲ್ಫಿನ್ ಬಂದಿದೆ ಎಂದು ಮೇಲಿನಿಂದ ಕೂಗಿದರೂ ಬಟ್ಟೆ ಬದಲಿಸಿಯೇ ಹೋಗಿ.

ನನಗೆ ಇದನ್ನು ಕಲಿಸಿದವರು ಒಬ್ಬ ಹಿರಿಯಾಕೆ. ಅವರೊಡನೆ ನಾನು ಹೊರಟಿದ್ದು ಅಟ್ಲಾಂಟಿಕ್ ದಾಟಲು; ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್ನಿಗೆ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ ಸುಮಾರು 5,000 ಕಿಲೋಮೀಟರ್. ವಾಣಿಜ್ಯ ಮಾರುತಗಳು ಚೆನ್ನಾಗಿ ಬೀಸಿದರೂ ಸಾಧಾರಣ ದೋಣಿಗೆ ಮೂರು ವಾರದ ಹಾದಿ. ನಮ್ಮ ದೋಣಿಯಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವಿರಲಿಲ್ಲ, ತೊಟ್ಟಿಯಲ್ಲಿ ಇದ್ದಷ್ಟೇ ನೀರು. ಆಕೆ ಬೆಳಗಾಗುತ್ತಲೇ ಒಬ್ಬೊಬ್ಬರ ದಿಂಬಿಗೂ ಮುಂಗೈ ಒತ್ತಿ ನೋಡುತ್ತಿದ್ದರು. ಯಾರ ದಿಂಬು ಅಂಟಿತೋ ಅಂದು ಶೌಚಾಲಯ ತಿಕ್ಕುವ ಸರದಿ ಅವರದು. ಆಕೆ ಗದರಿದ್ದನ್ನು ನಾನು ಕೇಳಲೇ ಇಲ್ಲ, ಗದರುವ ಅಗತ್ಯವೂ ಬೀಳಲಿಲ್ಲ. ಈಗ ಯಂತ್ರವಿದೆ ಎಂದು ಧಾರಾಳವಾಗಿ ನೀರು ಸುರಿಯುವವರು, ಬ್ಯಾಟರಿ ಇಳಿದ ದಿನ ಆ ಯಂತ್ರ ಒಂದು ಹನಿಯನ್ನೂ ಕೊಡುವುದಿಲ್ಲ ಎಂಬುದನ್ನು ಯೋಚಿಸುವುದೇ ಇಲ್ಲ.

ಪಾತ್ರೆಗಳನ್ನು ಸಮುದ್ರದ ನೀರಿನಲ್ಲೇ ತಿಕ್ಕಬಹುದು. ದ್ರವ ಸೋಪು ಅದರಲ್ಲಿಯೂ ನೊರೆ ಕೊಡುತ್ತದೆ, ಕೊನೆಗೆ ಸಿಹಿನೀರನ್ನು ಸ್ಪ್ರೇ ಬಾಟಲಿಯಿಂದ ಸಿಂಪಡಿಸಿದರಾಯಿತು. ಅಡುಗೆಯ ಮಾತು ಬಂದದ್ದರಿಂದ ಇನ್ನೊಂದು: ಒಲೆಯ ಗುಬ್ಬಿ ತಿರುಗಿಸಿದರೆ ಸಾಲದು, ಸಿಲಿಂಡರಿನ ವಾಲ್ವನ್ನೂ ಮುಚ್ಚಿರಿ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದ್ದು ದೋಣಿಯ ತಳದಲ್ಲಿ ಶೇಖರವಾಗಿ ಕಿಡಿಗಾಗಿ ಕಾಯುತ್ತಿರುತ್ತದೆ. ಇದನ್ನೂ ಹೇಳಿಸಿಕೊಳ್ಳಬೇಕೇ?

ಮಳೆ ಬಂದಾಗ ಸುಮ್ಮನೆ ಕೂರಬೇಡಿ. ಮೊದಲು ಬಿದ್ದ ನೀರು ಹಾಯಿಯ ಮೇಲಿನ ಉಪ್ಪನ್ನು ತೊಳೆದುಕೊಂಡು ಬರುತ್ತದೆ, ಅದನ್ನು ಹರಿಯಲು ಬಿಡಿ. ನಾಲಗೆಗೆ ಸಪ್ಪೆಯೆನಿಸಿದ ಮೇಲೆ ಹಾಯಿಯ ಕೆಳಗೆ ಬಕೆಟ್ ಇಟ್ಟು ಹಿಡಿದ ನೀರಿನಲ್ಲಿ ದಿಂಬಿನ ಚೀಲ, ಹಾಸು, ಒರೆಸುವ ಬಟ್ಟೆಗಳನ್ನು ಜಾಲಿಸಿ. ಒಣಹಾಕುವ ಮೊದಲು ಡೆಕ್ಕಿನ ಅಂಚಿನ ತಂತಿಯನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಲೇಬೇಕು, ಇಲ್ಲವಾದರೆ ತಂತಿಯ ಮೇಲಿನ ಉಪ್ಪೆಲ್ಲ ಜಾಲಿಸಿದ ಬಟ್ಟೆಗೆ ಮತ್ತೆ ಅಂಟಿಕೊಳ್ಳುತ್ತದೆ. ಬಿಸಿಲು ಬಾಡುವ ಮುನ್ನ ಬಟ್ಟೆ ಒಳಗೆ ಬರಲಿ. ಸಂಜೆಯ ತೇವಕ್ಕೆ ಒಡ್ಡಬೇಡಿ. ಪೂರ್ತಿ ಒಣಗದೆ ಉಳಿದದ್ದನ್ನು ಮಡಿಸಿಡದೆ ಕ್ಯಾಬಿನ್ನಿನೊಳಗೆ ಗಾಳಿಯಾಡುವ ಕಡೆ ಹರಡಿಟ್ಟು, ಮರುದಿನ ಮತ್ತೆ ಬಿಸಿಲಿಗೆ ಹಾಕಿ.