ಕೆಟ್ಟಿದೆ ಎಂದುಕೊಂಡ ಕೀ

ಗುಜರಿ ಅಂಗಡಿಯವನು ಅದನ್ನು ತಕ್ಕಡಿಗೆ ಏರಿಸಿದಾಗ ಮುಳ್ಳು 15 ಕಿಲೋ ದಾಟಿತು. ಹಳೆಯ ಕಬ್ಬಿಣದ ದರಕ್ಕೆ ಲೆಕ್ಕ ಹಾಕಿ 600 ರೂಪಾಯಿ ತೆಗೆದುಕೊಂಡ. ಗೋದ್ರೇಜ್ ಕಂಪನಿಯ ಕನ್ನಡ ಟೈಪ್‌ರೈಟರ್. ಇಲ್ಲೇ ಕಲಬುರಗಿಯ ಯಾವುದೋ ಬೇಳೆ ಮಿಲ್ಲಿನಿಂದ ಬಂದದ್ದು ಎಂದ. ಸುಳ್ಳಿರಲಿಕ್ಕಿಲ್ಲ. ಮನೆಗೆ ತಂದು ಬೋರಲು ಹಾಕಿ ತಟ್ಟಿದರೆ ಹಿಡಿ ತುಂಬ ತೊಗರಿ ಹೊಟ್ಟು ಉದುರಿತು.

ಇದಕ್ಕಿಂತ ಮೊದಲು ನನ್ನ ಬಳಿ ಒಂದು ಇಂಗ್ಲಿಷ್ ರೆಮಿಂಗ್ಟನ್ ಇತ್ತು. ಅದನ್ನು ಕೈಯಾರೆ ಹಾಳು ಮಾಡಿಕೊಂಡೆ. ಕೀಗಳು ಬಿಗಿಯಾಗಿವೆ ಎಂದು ಹೊಲಿಗೆ ಯಂತ್ರದ ಎಣ್ಣೆಯನ್ನು ಧಾರಾಳವಾಗಿ ಸುರಿದಿದ್ದೆ. ನಾಲ್ಕು ದಿನ ಸರಾಗವಾಗಿ ಓಡಿತು. ಏಪ್ರಿಲ್ ಬಂತು, ನಮ್ಮೂರ ಧೂಳೆದ್ದಿತು. ಎಣ್ಣೆ, ಧೂಳು ಎರಡೂ ಸೇರಿ ಗಾಡಿಯ ಕೀಲಿನ ಮಸಿಯಂತಾಗಿ, ಮೇಲೆದ್ದ ಅಕ್ಷರದ ಕಡ್ಡಿ ಕೆಳಗಿಳಿಯುವುದನ್ನೇ ಬಿಟ್ಟಿತು.

ಆ ಕಡ್ಡಿಗಳ ಬುಡ ಅರ್ಧಚಂದ್ರದಂಥ ಒಂದು ಲೋಹದ ತುಂಡಿನ ಸೀಳುಗಳಲ್ಲಿ ಕೂತಿರುತ್ತದೆ. ಅಲ್ಲಿಗೆ ಒಂದು ಹನಿ ಎಣ್ಣೆಯೂ ಬೇಡ. ಈ ಸಲ ಬಣ್ಣದ ಅಂಗಡಿಯಿಂದ ಮಿನರಲ್ ಟರ್ಪೆಂಟೈನ್ ತಂದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೀಳುಗಳಿಗೆ ಹಚ್ಚಿ, ಕೀ ಒತ್ತುತ್ತಾ, ಒರೆಸುತ್ತಾ ಮಾಳಿಗೆಯ ಮೇಲೆ ಮೂರು ಸಂಜೆ ಕಳೆದೆ. ಒಳಗೆ ಕೂತು ಮಾಡಿದರೆ ತಲೆ ಸುತ್ತುತ್ತದೆ. ಒಲೆಯ ಹತ್ತಿರವಂತೂ ಕೂಡದು. ಹೊರಮೈಯ ಬಣ್ಣಕ್ಕೆ ಮಾತ್ರ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ. ಥಿನ್ನರ್ ಮುಟ್ಟಿಸಿದರೆ ಕಂಪನಿಯ ಹೆಸರೂ ಅಳಿಸಿ ಹೋಗುತ್ತದೆ.

ಅಚ್ಚಿನ ಮುಖ ತೊಳೆಯುವುದು ತಾಳ್ಮೆಯ ಕೆಲಸ. ಕನ್ನಡ ಅಕ್ಷರಗಳಿಗೆ ಹೊಟ್ಟೆಗಳೇ ಹೆಚ್ಚು. ಠ, ಥ, ಧಗಳ ಒಳಗೆ ಹಳೆಯ ಶಾಯಿ ಮೇಣದಂತೆ ಕೂತಿತ್ತು. ಸೂಜಿ ಹಾಕಿದರೆ ಗೀರು ಬೀಳುತ್ತದೆ ಎಂದು ಬಿದಿರಿನ ಹಲ್ಲುಕಡ್ಡಿಯಲ್ಲಿ ಒಂದೊಂದನ್ನೇ ಬಿಡಿಸಿದೆ.

ಅರ್ಧ ಇಂಚಿನ ಹೊಸ ರಿಬ್ಬನ್ ತಂದು ಹಳೆಯ ಉರುಳೆಗಳಿಗೇ ಸುತ್ತಿ, ಕಾಗದ ಏರಿಸಿದೆ. ಅಕ್ಷರ ಮೂಡಿತು. ಆದರೆ ಕೆಲವು ಕೀಗಳನ್ನು ಒತ್ತಿದರೆ ಗುರುತು ಬೀಳುತ್ತದೆ, ಕಾಗದ ಹೊತ್ತು ಪಕ್ಕಕ್ಕೆ ಸರಿಯಬೇಕಾದ ಕ್ಯಾರೇಜ್ ಮಾತ್ರ ಇದ್ದಲ್ಲೇ ನಿಲ್ಲುತ್ತದೆ. ಒಂದು ವಾರ ಅದರ ಬೆನ್ನು ಹತ್ತಿದೆ. ಹಿಂದಿನ ಸ್ಪ್ರಿಂಗ್ ಬಿಗಿದೆ, ಸಡಿಲಿಸಿದೆ, ಹಲ್ಲುಚಕ್ರ ತೊಳೆದೆ. ಕೊನೆಗೆ ಇಕ್ಕಳ ಹಿಡಿದು ಒಂದು ಸನ್ನೆಯನ್ನು ಬಗ್ಗಿಸಲು ಹೊರಟಿದ್ದೆ. ಹೆಂಡತಿ, "ಯಾರನ್ನಾದರೂ ಕೇಳಬಾರದೇ?" ಎಂದದ್ದಕ್ಕೆ ಯಂತ್ರ ಉಳಿಯಿತು.

ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಅಫಿಡವಿಟ್ಟು ಹೊಡೆಯುತ್ತಿದ್ದವರು, ಎಲ್ಲರಿಗೂ ಕಾಕಾ. ಬಂದು ನೋಡಿದವರೇ ನಕ್ಕರು.

"ತಮ್ಮಾ, ಇದು ಕೆಟ್ಟಿಲ್ಲ. ಒತ್ತಕ್ಷರ ಎಲ್ಲಿ ಕೂರಬೇಕು? ಅಕ್ಷರದ ಕೆಳಗೆ ತಾನೇ? ಕ್ಯಾರೇಜ್ ಓಡಿಹೋದರೆ ಅದು ಪಕ್ಕದ ಮನೆಯಲ್ಲಿ ಕೂರುತ್ತದೆ."

ಕ್ಯಾರೇಜನ್ನು ಅಲ್ಲಾಡಿಸದ ಕೀ ಎಂದರೆ ಬೇಕೆಂದೇ ಮಾಡಿದ ಜಾಣತನ. ಇಂಗ್ಲಿಷಿಗಾಗಿ ಹುಟ್ಟಿದ ಯಂತ್ರದ ನಲವತ್ತು ಚಿಲ್ಲರೆ ಕೀಗಳೊಳಗೆ ಕಾಗುಣಿತ, ಒತ್ತು ಎಲ್ಲವನ್ನೂ ಹೊಂದಿಸುವುದು ಹುಡುಗಾಟವಲ್ಲ. ಕನ್ನಡಕ್ಕೆ ಆ ಕೀಲಿಮಣೆ ಹೊಂದಿಸಿಕೊಟ್ಟವರು ಅನಂತ ಸುಬ್ಬರಾಯರು. ನಾನು ಇಕ್ಕಳದಿಂದ ತಿದ್ದಲು ಹೊರಟದ್ದು ಅವರ ಲೆಕ್ಕಾಚಾರವನ್ನು!

ಕಾಕಾ ಇನ್ನೊಂದು ಹೇಳಿದರು. ರೋಲರಿನ ರಬ್ಬರು ಕಲ್ಲಾಗಿದೆ, ಒಂದೇ ಹಾಳೆ ಹಾಕಿದರೆ ಅಕ್ಷರ ಕಾಗದವನ್ನು ಕಡಿಯುತ್ತದೆ, ಎರಡು ಹಾಕು. ಹಾಕಿದೆ. ಸದ್ದೂ ಮೆತ್ತಗಾಯಿತು. ಷೋಕೇಸಿನಲ್ಲಿ ಇಡುವಾಗ ಕಾಗದ ಸಡಿಲಿಸುವ ಸನ್ನೆಯನ್ನು ಎತ್ತಿಡಬೇಕೆಂದೂ ಹೇಳಿದರು, ಇಲ್ಲದಿದ್ದರೆ ರೋಲರಿನಲ್ಲಿ ತಗ್ಗು ಬೀಳುತ್ತದಂತೆ.

ಅಂದಕ್ಕೆ ಇಟ್ಟುಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಪಡಸಾಲೆಯಲ್ಲೇ ಇಟ್ಟಿದ್ದೇನೆ, ಬಿಸಿಲು ಬೀಳದ ಮೂಲೆಯಲ್ಲಿ, ಮೇಲೊಂದು ಖಾದಿ ಬಟ್ಟೆ ಹೊದಿಸಿ. ಆದರೆ ಬಂಗಾರದ ಬಣ್ಣ ಸಿಂಪಡಿಸಿ ಹೋಟೆಲಿನ ಗೋಡೆಗೆ ಜೋಡಿಸುವವರನ್ನೂ, ಕೀಗಳನ್ನು ಕತ್ತರಿಸಿ ಉಂಗುರ, ಪದಕ ಮಾಡಿ ಮಾರುವವರನ್ನೂ ಕಂಡರೆ ಹೊಟ್ಟೆ ಉರಿಯುತ್ತದೆ. 1955ರಲ್ಲಿ ಗೋದ್ರೇಜ್ ಕಂಪನಿ ದೇಶದಲ್ಲೇ ಟೈಪ್‌ರೈಟರ್ ತಯಾರಿಸಲು ಶುರು ಮಾಡಿತು, 2009ರ ಹೊತ್ತಿಗೆ ಕೈಬಿಟ್ಟಿತು. ಬಿಡಿಭಾಗ ಬೇಕೆಂದರೆ ಇನ್ನೊಂದು ಸತ್ತ ಯಂತ್ರದಿಂದಲೇ ಬರಬೇಕು. ನನ್ನ ರೆಮಿಂಗ್ಟನ್ ಈಗ ಅದೇ ಕೆಲಸಕ್ಕಿದೆ. ಅದರ ಎರಡು ಸ್ಪ್ರಿಂಗು ಈ ಗೋದ್ರೇಜಿನಲ್ಲಿವೆ.

ಚಹಾ ಕುಡಿದ ಮೇಲೆ ಕಾಕಾರನ್ನು ಏನಾದರೂ ಹೊಡೆಯಿರಿ ಎಂದೆ. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಕೀ ನೋಡದೆಯೇ ಬೆರಳು ಓಡಿದವು, ಗಂಟೆ ಟಿಣ್ ಎಂದಿತು, ಎಡಗೈ ತಾನಾಗಿ ಕ್ಯಾರೇಜನ್ನು ತಳ್ಳಿತು. ಹಾಳೆ ಎತ್ತಿ ನೋಡಿದರೆ "ಸಾಕಿನ್ ಕಲಬುರಗಿ, ಪ್ರಮಾಣ ಮಾಡಿ ಹೇಳುವುದೇನೆಂದರೆ" ಎಂದಿತ್ತು. ಮುಂದೆ ಏನು ಬರೆಯಬೇಕೆಂದು ನನ್ನ ಮುಖ ನೋಡುತ್ತಾ ಕೂತರು.